ನಮ್ಮನೆ ಗದ್ದೆಯ ಎಲೆ

ಮಾವಳ್ಳಿಯ ಎಲೆಗಳು ನನ್ನ ಕೈಗೆ ಬಂದದ್ದು ಸೀರೆ ಅಂಗಡಿಯ ಚೀಲವೊಂದರಲ್ಲಿ. ಚೌತಿ ಕಳೆದು ಒಂಬತ್ತನೆಯ ದಿನ, ಮಂಗಳವಾರ, ಬೆಳಿಗ್ಗೆ ಹತ್ತೂ ನಲವತ್ತು. ಮಳೆ ಜೋರಾಗಿತ್ತು. ಟಿಪ್ಪಣಿ ಪುಸ್ತಕದಲ್ಲಿ ಹೀಗಿದೆ: "ಮಾವಳ್ಳಿ. ಎಲೆ 22. ಅಕ್ಕ ಕಿತ್ತು ಇಟ್ಟಿದ್ದರು. ಅವರ ಮನೆಯ ಗದ್ದೆ. ಮಚ್ಚೆ ಸಣ್ಣವು, ಕಂದು, ನರಗಳ ನಡುವೆ." ಇಷ್ಟರಲ್ಲಿ ಒಂದು ವಾಕ್ಯ ತಪ್ಪು. ಅದು ತಪ್ಪೆಂದು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ನನ್ನ ಮನೆ ಕುಮಟಾ. ಓದುತ್ತಿದ್ದದ್ದು ಘಟ್ಟದ ಮೇಲಿನ ಕೃಷಿ ಕಾಲೇಜಿನಲ್ಲಿ. ಮೆಕ್ಕೆಜೋಳಕ್ಕೆ ಎಲೆ ಅಂಗಮಾರಿ ತರುವ ಶಿಲೀಂಧ್ರ ನಮ್ಮ ಕರಾವಳಿಯಲ್ಲಿ ಎಷ್ಟು ವಂಶಗಳಾಗಿ ಹರಡಿದೆ ಎಂದು ನೋಡುವುದು ನನ್ನ ಕೆಲಸ. ಎಲೆಯ ಮೇಲೆ ಎಲ್ಲ ಮಚ್ಚೆಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಳಗಿರುವ ಶಿಲೀಂಧ್ರಗಳು ಒಂದೇ ತಾಯಿಯ ಮಕ್ಕಳೋ, ದೂರದ ನೆಂಟರೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ತಿಳಿದರೆ ಉಪಯೋಗವಿದೆ. ಒಂದೇ ವಂಶವಾದರೆ ಅದನ್ನು ತಾಳಿಕೊಳ್ಳುವ ಒಂದು ತಳಿ ಎಲ್ಲ ಕಡೆಗೂ ಸಾಕಾಗಬಹುದು. ಹಲವು ವಂಶಗಳಾದರೆ, ಇಲ್ಲಿ ಎದ್ದು ನಿಂತ ತಳಿ ಮೂರು ಊರು ದಾಟಿದ ಮೇಲೆ ಮಲಗಿಬಿಡಬಹುದು.

ಕರಾವಳಿಯಲ್ಲಿ ಜೋಳ ಹುಡುಕುವುದೇ ಮೊದಲ ಕಷ್ಟ. ಶೇಂಗಾ ಎಲ್ಲಿ, ಕಲ್ಲಂಗಡಿ ಎಲ್ಲಿ ಎಂದರೆ ಜನ ಕೈ ಎತ್ತಿ ತೋರಿಸುತ್ತಾರೆ. ಜೋಳ ಎಂದರೆ ನನ್ನ ಮುಖ ನೋಡುತ್ತಾರೆ. ಎರಡು ವಾರ ಅಲೆದ ಮೇಲೆ ಕುಮಟಾದಲ್ಲಿ ಯಾಣದ ರಸ್ತೆಯ ಬದಿಯ ಎರಡು ಗದ್ದೆ, ಹೊನ್ನಾವರದಲ್ಲಿ ಮಂಕಿಯ ಒಂದು, ಭಟ್ಕಳದಲ್ಲಿ ಮಾವಳ್ಳಿಯ ಒಂದು ಸಿಕ್ಕವು. ಮಾವಳ್ಳಿಯ ಗದ್ದೆಯ ಒಡತಿ ಮುರ್ಡೇಶ್ವರದ ರಸ್ತೆಯಲ್ಲಿ ಪ್ರವಾಸಿಗರಿಗೆ ಜೋಳ ಬೇಯಿಸಿ ಮಾರುವವರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಮಂಕಿಯ ಗದ್ದೆ ಅವರ ಅಣ್ಣನದು. ಅದನ್ನು ತೋರಿಸಿಕೊಟ್ಟವರೂ ಅವರೇ.

ಎಲೆ ಕೀಳುವುದರಲ್ಲಿ ನಾನು ಕಟ್ಟುನಿಟ್ಟು. ಹತ್ತು ಹೆಜ್ಜೆಗೊಂದು ಗಿಡ, ಗಿಡಕ್ಕೊಂದು ಎಲೆ, ಎಲೆಗೊಂದು ಲಕೋಟೆ. ಲಕೋಟೆಯ ಮೇಲೆ ಅಲ್ಲೇ, ಗದ್ದೆಯಲ್ಲೇ ನಿಂತು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಪೆನ್ನಿನ ಶಾಯಿ ನಮ್ಮ ಮಳೆಗೆ ನಿಲ್ಲುವುದಿಲ್ಲ. ಕುಮಟಾದಲ್ಲೂ ಮಂಕಿಯಲ್ಲೂ ಹಾಗೆಯೇ ಮಾಡಿದ್ದೆ. ಮಾವಳ್ಳಿಗೆ ಹೋದ ದಿನ ಬಸ್ಸಿಳಿದು ಅಕ್ಕನ ಮನೆಯ ಜಗಲಿ ಹತ್ತುವಷ್ಟರಲ್ಲಿ ಮಂಡಿಯವರೆಗೆ ನೆನೆದಿದ್ದೆ. ಗದ್ದೆಗೆ ಹೋಗೋಣ ಎಂದೆ.

"ಎಂತಕ್ಕೆ ಮತ್ತೆ ಒದ್ದೆ ಆಗುದು? ನೀ ಫೋನ್ ಮಾಡ್ದಾಗ್ಲೇ ತಯಾರಿ ಮಾಡಿಟ್ಟಿದೆ. ಚಲೋ ರೋಗದ್ದೇ ಆರ್ಸಿದೆ, ನೋಡು" ಎಂದು ಚೀಲ ಮುಂದೆ ಹಿಡಿದರು.

"ನಿಮ್ಮ ಗದ್ದೆದೇ ಅಲ್ವಾ ಅಕ್ಕಾ?"

"ಹೌದೇ ಮಾರಾಯ್ತಿ, ನಮ್ಮನೆ ಗದ್ದೆದೇ. ಕಂಡೋರ ಗದ್ದೆದು ಕಿತ್ತು ತರುಕೆ ನಂಗೆಂತ ಮರ್ಳಾ?"

ಎಲೆಗಳು ಚೆನ್ನಾಗಿದ್ದವು, ಅಂದರೆ ಚೆನ್ನಾಗಿ ಕೆಟ್ಟಿದ್ದವು. ಜಗಲಿಯಲ್ಲೇ ಕುಳಿತು ಒಂದೊಂದನ್ನೂ ಲಕೋಟೆಗೆ ಹಾಕಿದೆ. ಬಿಸಿ ಜೋಳ ತಿಂದೆ. ಹನ್ನೆರಡರ ಬಸ್ಸು ಹಿಡಿದೆ.

ಆಮೇಲಿನದು ಕೋಣೆಯೊಳಗಿನ ಕೆಲಸ. ಮಚ್ಚೆಯ ಅಂಚಿನಲ್ಲಿ, ಅರ್ಧ ಹಸಿರು ಅರ್ಧ ಕಂದು ಇರುವಲ್ಲಿ, ಉಗುರಿನ ತುದಿಯಷ್ಟು ತುಂಡು ಕತ್ತರಿಸಬೇಕು. ಒಂದು ನಿಮಿಷ ಬ್ಲೀಚಿನ ನೀರು, ಮೂರು ಸಲ ಶುದ್ಧ ನೀರು, ಆಮೇಲೆ ಆಲೂಗಡ್ಡೆಯ ಸಾರದಿಂದ ಮಾಡಿದ ಅಗರ್ ತಟ್ಟೆಯ ಮೇಲೆ. ಮೂರು ದಿನಕ್ಕೆ ಬೂದಿ ಬಣ್ಣದ ಹತ್ತಿ ಎದ್ದರೆ ನಮ್ಮದು. ಬೇರೆ ಬಣ್ಣ ಎದ್ದರೆ ಕರಾವಳಿಯ ಗಾಳಿಯಲ್ಲಿ ಸದಾ ತೇಲುವ ಯಾವುದೋ ಬೂಷ್ಟು. ಮೊದಲ ಸುತ್ತಿನಲ್ಲಿ ಯಾಣದ ರಸ್ತೆಯ ಲಕೋಟೆಗಳಲ್ಲಿ ಅರ್ಧಕ್ಕರ್ಧ ಹಾಳಾದವು. ಚೀಲದಲ್ಲಿ ಒತ್ತಿಕೊಂಡು ಬೆವತಿದ್ದವು. ಮತ್ತೆ ಹೋಗಿ ತಂದೆ. ಉಳಿದ ಪ್ರತಿ ತಟ್ಟೆಯಿಂದಲೂ ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಬೀಜಕಣವನ್ನು ಸೂಜಿಯಿಂದ ಎತ್ತಿ ಬೇರೆ ಬೆಳೆಸಬೇಕು. ಈ ಶಿಲೀಂಧ್ರದ ಬೀಜಕಣ ಎರಡೂ ತುದಿ ಮೊನಚಾಗಿ, ನಡುವೆ ಬಾಗಿ, ಅಡ್ಡಹಲಗೆ ಹಾಕಿದ ದೋಣಿಯ ಹಾಗಿದೆ. ನನಗೆ ಅದನ್ನು ನೋಡಿ ಬೇಸರ ಬಂದದ್ದಿಲ್ಲ. ದಿನಕ್ಕೆ ಆರು ದೋಣಿ ಎತ್ತಿದರೆ ಆ ದಿನ ಒಳ್ಳೆಯದು ಎಂದು ಬರೆದುಕೊಳ್ಳುತ್ತಿದ್ದೆ.

ಕೊನೆಗೆ ಉಳಿದ ಲೆಕ್ಕ: ಕುಮಟಾ 14, ಮಂಕಿ 12, ಮಾವಳ್ಳಿ 11. ಒಟ್ಟು 37.

ಒಂದೊಂದರಿಂದಲೂ ಡಿಎನ್‌ಎ ತೆಗೆದೆ. ಅದರಲ್ಲಿ ಕೆಲವು ಜಾಗಗಳಲ್ಲಿ ಒಂದೇ ಸಣ್ಣ ತುಣುಕು ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎನ್ನುವುದು ವಂಶದಿಂದ ವಂಶಕ್ಕೆ ಬೇರೆ. ಆ ಜಾಗಗಳ ಪ್ರತಿಗಳನ್ನು ಯಂತ್ರದಲ್ಲಿ ಹೆಚ್ಚಿಸಿ, ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ಓಡಿಸಿದರೆ ಉದ್ದಕ್ಕೆ ತಕ್ಕಂತೆ ಗೆರೆಗಳಾಗಿ ನಿಲ್ಲುತ್ತವೆ. ಗೆರೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಹೀಗೆ ಒಂದು–ಸೊನ್ನೆಗಳ ಕೋಷ್ಟಕ ತುಂಬಲು ಡಿಸೆಂಬರ್ ಪೂರ್ತಿ ಹೋಯಿತು.

ಕೋಷ್ಟಕ ಹೇಳಿದ್ದು ಸ್ಪಷ್ಟವಾಗಿತ್ತು. ಕುಮಟಾದ ಹದಿನಾಲ್ಕು ಚದುರಿದ್ದವು. ಮಂಕಿ ಮತ್ತು ಮಾವಳ್ಳಿಯ ಇಪ್ಪತ್ತಮೂರು ಮಾತ್ರ ಒಂದೇ ಗುಂಪಾಗಿ, ಗೆರೆಗೆ ಗೆರೆ ಹೊಂದಿಕೊಂಡಿದ್ದವು. ಜೆಲ್ಲಿನ ಚಿತ್ರಗಳನ್ನು ನನ್ನ ಮಾರ್ಗದರ್ಶಕರ ಮೇಜಿನ ಮೇಲೆ ಹರಡಿದೆ. ಅವರು ಕಡಿಮೆ ಮಾತಿನವರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಕುಮಟಾಕ್ಕೂ ಇವೆರಡಕ್ಕೂ ನಡುವೆ ಶರಾವತಿ ಇದೆಯಲ್ಲ" ಎಂದರು. ಆ ಸಂಜೆಯೇ ನನ್ನ ಪ್ರಬಂಧದ ಅಧ್ಯಾಯಕ್ಕೊಂದು ಶೀರ್ಷಿಕೆ ಬರೆದುಕೊಟ್ಟರು: "ಶರಾವತಿಯ ದಕ್ಷಿಣಕ್ಕೆ ಒಂದೇ ವಂಶ." ಅವರು ಹಾಗೆ ಸಂತೋಷಪಟ್ಟದ್ದನ್ನು ಮೂರು ವರ್ಷದಲ್ಲಿ ನಾನು ಮೊದಲ ಸಲ ನೋಡಿದ್ದು.

ಸಂತೋಷಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಮಳೆಗಾಲದಲ್ಲಿ ಅಕ್ಕನ ಜೋಳ ಅಂಗಮಾರಿಯಿಂದ ತೆನೆ ಕಟ್ಟುವ ಮೊದಲೇ ಒಣಗಿತ್ತು. ಮಂಕಿಯ ಅಣ್ಣನ ಬಳಿ ಅವರ ಅಪ್ಪನ ಕಾಲದಿಂದ ಒಲೆಯ ಹೊಗೆಯಲ್ಲಿ ಕಾಪಿಟ್ಟು ಬಿತ್ತುವ ಹಳದಿ ಜೋಳವಿದೆ. ಮಚ್ಚೆ ಅದಕ್ಕೂ ಬರುತ್ತದೆ, ಆದರೆ ಗಿಡ ತಾಳಿಕೊಂಡು ತೆನೆ ಕೊಡುತ್ತದೆ. ಬರುವ ಮಳೆಗೆ ಆ ಬೀಜ ಮಾವಳ್ಳಿಯಲ್ಲಿ ಬಿತ್ತಬಹುದೇ ಎಂದು ಅಕ್ಕ ನನ್ನನ್ನು ಎರಡು ಸಲ ಕೇಳಿದ್ದರು. ಎರಡೂ ಕಡೆ ಶಿಲೀಂಧ್ರ ಒಂದೇ ಆದರೆ ನಾನು ಧೈರ್ಯವಾಗಿ ಹೂಂ ಎನ್ನಬಹುದಿತ್ತು. ಒಂದು ವರ್ಷ ಬೆಳೆ ಹೋದವರಿಗೆ ಎರಡನೆಯ ವರ್ಷವೂ ಹೋಗಬಾರದು ಎನ್ನುವುದೇ ನನ್ನ ತಲೆಯಲ್ಲಿತ್ತು.

ಜನವರಿಯ ಒಂದು ಗುರುವಾರ ಮುರ್ಡೇಶ್ವರದ ರಸ್ತೆಯಲ್ಲಿ ಅಕ್ಕನ ಹಂಡೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಒಳ್ಳೆಯ ಸುದ್ದಿ ಹೇಳುವ ಮೊದಲು ಒಂದು ಅರ್ಜಿ ತುಂಬಬೇಕಿತ್ತು: ಬಿತ್ತಿದ ದಿನ, ತಳಿ, ಕೊಯ್ದ ದಿನ. ತೆನೆ ಕಟ್ಟದಿದ್ದರೂ ಆ ಜಾಗ ಖಾಲಿ ಬಿಡುವಂತಿರಲಿಲ್ಲ; ಕೊಯ್ದದ್ದು ಯಾವಾಗ ಎಂದೆ.

"ಕೊಯ್ಯುದೆಂತ? ತೆನೆನೇ ಆಗ್ಲಿಲ್ಲ. ಕಡ್ದು ದನಕ್ಕೆ ಹಾಕ್ದೆ. ಚೌತಿ ಹಬ್ಬಕ್ಕೆ ನಾಕು ದಿನ ಮುಂಚೆನೇ ಗದ್ದೆ ಬೋಳಾಗಿತ್ತು."

ನಾನು ಬರೆಯುತ್ತಿದ್ದವಳು ನಿಲ್ಲಿಸಿ ಹಳೆಯ ಪುಟ ತಿರುಗಿಸಿದೆ. ಚೌತಿ ಕಳೆದು ಒಂಬತ್ತನೆಯ ದಿನ, ಎಲೆ 22.

"ಹಾಗಾದ್ರೆ ನಂಗೆ ಕೊಟ್ಟ ಎಲೆ ಎಲ್ಲಿದು ಅಕ್ಕಾ?"

"ಹೇಳ್ದೆ ಅಲ್ದಾ ಅವತ್ತೇ. ನಮ್ಮನೆದು."

"ನಿಮ್ಮನೆ ಇದೇ ತಾನೇ?"

ಅಕ್ಕ ಹಂಡೆಯ ಮುಚ್ಚಳ ಮುಚ್ಚಿ, ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದರು. "ಇದು ಇವರ ಮನೆ. ನಮ್ಮನೆ ಅಂದ್ರೆ ಮಂಕಿ. ಹಬ್ಬಕ್ಕೆ ಹೋದವ್ಳು ಬರುವಾಗ ಅಣ್ಣನ ಗದ್ದೆದು ಕಿತ್ಕಂಡು ಬಂದೆ. ಮತ್ತೆಂತ ಮಾಡುದು? ನೀ ಅಷ್ಟು ದೂರದಿಂದ ಬರುವಳು. ಬರಿಗೈಲಿ ಕಳ್ಸುಕೆ ಆತದ್ಯಾ?"

ನನ್ನ ಅಮ್ಮ ಮದುವೆಯಾಗಿ ಕುಮಟಾಕ್ಕೆ ಬಂದು ಮೂವತ್ತು ವರ್ಷ ಆಗುತ್ತ ಬಂತು. ಇಂದಿಗೂ "ನಮ್ಮನೆ ಹಪ್ಪಳ" ಎಂದರೆ ಅದು ಗೋಕರ್ಣದ ಕಡೆಯ ತವರಿನಿಂದ ಬಂದದ್ದು. ಆ ಮಾತನ್ನು ದಿನಾ ಕೇಳಿ ಬೆಳೆದವಳು ನಾನು. ಪರವೂರಿನ ವಿದ್ಯಾರ್ಥಿ ಯಾರಾದರೂ ಆಗಿದ್ದರೆ, ಯಾವ ಮನೆ, ಯಾವ ಗದ್ದೆ ಎಂದು ಬಿಡಿಸಿ ಕೇಳುತ್ತಿದ್ದರೋ ಏನೋ. ನನಗೆ ಅರ್ಥವಾಯಿತು ಎಂದುಕೊಂಡಿದ್ದರಿಂದ ಕೇಳಲಿಲ್ಲ.

ಮಾವಳ್ಳಿಯ ಹನ್ನೊಂದು, ಮಂಕಿಯ ಹನ್ನೆರಡು. ಗೆರೆಗೆ ಗೆರೆ ಹೊಂದದೆ ಇನ್ನೇನು? ಒಂದೇ ಗದ್ದೆಯ ಎಲೆಗಳನ್ನು ಎರಡು ತಾಲೂಕು ಎಂದು ಬರೆದಿದ್ದೆ. ಅಕ್ಕನಿಗೆ ಆ ಹೊತ್ತು ಏನೂ ಹೇಳಲಿಲ್ಲ. ಸುದ್ದಿಯನ್ನೂ ಹೇಳಲಿಲ್ಲ. ಜೋಳ ತಿಂದು ಎದ್ದೆ.

ಗುರುವಾರ, ಶುಕ್ರವಾರ, ಶನಿವಾರ. ಈ ಮೂರು ದಿನದ ಪುಟಗಳಲ್ಲಿ ಹವಾಮಾನ ಮಾತ್ರ ಇದೆ. ಯಾರಿಗೂ ಗೊತ್ತಾಗುವ ಸಂಗತಿಯಲ್ಲ ಎಂಬುದು ನನಗೆ ಗೊತ್ತಿತ್ತು. ಅಧ್ಯಾಯ ಬೆರಳಚ್ಚಾಗಿತ್ತು. ಮಾರ್ಗದರ್ಶಕರ ಶೀರ್ಷಿಕೆ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿತ್ತು. ಮಾವಳ್ಳಿಯಲ್ಲಿ ನಿಜವಾಗಿ ಇರುವ ಶಿಲೀಂಧ್ರವೂ ಅದೇ ವಂಶದ್ದೇ ಇದ್ದರೂ ಇರಬಹುದು, ಎಂಟು ಹತ್ತು ಕಿಲೋಮೀಟರು ಏನು ಮಹಾ ದೂರ ಎಂದೂ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು.

"ತಂಗೀ, ಅಣ್ಣ ಕೇಳ್ತಾ ಇದ್ದ. ಬೀಜಕ್ಕೆ ತೆನೆ ಎಷ್ಟು ಎತ್ತಿಡುದು ಅಂತ. ಗದ್ದೆ ಪೂರ್ತಿಗೆ ಅದನ್ನೇ ಹಾಕ್ಲನಾ? ನೀ ಹೂಂ ಅಂದ್ರೆ ಆತು."

ಇರಬಹುದು ಎಂದುಕೊಂಡು ಅಧ್ಯಾಯ ಬರೆಯಬಹುದಿತ್ತೇನೋ. ಇರಬಹುದು ಎಂದುಕೊಂಡು ಈ ಫೋನಿಗೆ ಹೂಂ ಎನ್ನಲು ಬಾಯಿ ಬರಲಿಲ್ಲ. "ಅಣ್ಣಂಗೆ ಈಗ್ಲೇ ಹೂಂ ಅನ್ಬೇಡಿ ಅಕ್ಕಾ, ಸ್ವಲ್ಪ ತಡೀರಿ" ಎಂದೆ. ತಪ್ಪು ಬರೆದುಕೊಂಡಿದ್ದೇನೆ, ಅದು ನನ್ನ ತಪ್ಪು, ಮತ್ತೆ ನೋಡಬೇಕು ಎಂದು ಹೇಳಿದೆ.

"ನಾ ಕೊಟ್ಟ ಎಲೆಯಿಂದ ಹೀಂಗಾತನಾ?"

"ಅಲ್ಲ ಅಕ್ಕಾ. ನಾನು ಗದ್ದೆಗೆ ಇಳೀಲಿಲ್ಲ, ಅದಕ್ಕೆ."

ಸೋಮವಾರ ಮಾರ್ಗದರ್ಶಕರ ಮುಂದೆ ಟಿಪ್ಪಣಿ ಪುಸ್ತಕವನ್ನೇ ಬಿಚ್ಚಿಟ್ಟೆ. ಎರಡೂ ಪುಟ ಓದಿದರು. ಅಧ್ಯಾಯದ ಮೊದಲ ಪುಟ ತೆಗೆದು, ತಾವೇ ಬರೆದ ಶೀರ್ಷಿಕೆಯ ಮೇಲೆ ಒಂದು ಗೆರೆ ಎಳೆದರು. "ಈಗ ಹೇಳಿದ್ದು ಒಳ್ಳೇದಾಯ್ತು" ಎಂದರು. "ಅಚ್ಚಾದ ಮೇಲೆ ಹೇಳಿದ್ರೆ ನಾನೂ ಕಿವಿ ಕೇಳದವನ ಹಾಗೆ ಇದ್ದುಬಿಡ್ತಿದ್ದೆನೋ ಏನೋ." ಆಮೇಲೆ ಕೇಳಿದರು: "ಗದ್ದೆ ಬೋಳು ಅಂತೀಯ. ಎಲೆ ಎಲ್ಲಿಂದ ತರ್ತೀಯ?"

ಅದೇ ಪ್ರಶ್ನೆ. ಜನವರಿಯಲ್ಲಿ ಮಾವಳ್ಳಿಯಲ್ಲಿ ಜೋಳವಿಲ್ಲ. ಆದರೆ ಈ ಶಿಲೀಂಧ್ರ ಸತ್ತ ಎಲೆಯಲ್ಲಿ ಮುಂದಿನ ಮಳೆಯವರೆಗೂ ಉಸಿರು ಹಿಡಿದು ಕೂತಿರುತ್ತದೆ. ಕಡಿದ ಜೋಳದಲ್ಲಿ ದನ ತಿನ್ನದೆ ಬಿಟ್ಟದ್ದು ಏನಾದರೂ ಉಳಿದಿರಬೇಕು. ಬುಧವಾರ ಮತ್ತೆ ಹೋದೆ.

"ಎಂತ, ಈಗ ಕಸ ಹೆಕ್ಕುಕೆ ಬಂದ್ಯಾ?" ಎಂದರು ಅಕ್ಕ. ಮುಖದಲ್ಲಿ ಭಾನುವಾರದ ಭಾರ ಇರಲಿಲ್ಲ.

ಕೊಟ್ಟಿಗೆಯ ಪಡುವಣ ಗೋಡೆಗೆ ಮಳೆಯ ಇರಚಲು ಬಡಿಯದ ಹಾಗೆ ತೆಂಗಿನ ಗರಿಯ ತಟ್ಟಿ ಕಟ್ಟಿದ್ದರು. ಗರಿ ಸಾಲದೆ ಒಂದು ಮೂಲೆಗೆ ಜೋಳದ ದಂಟನ್ನೇ ಸೇರಿಸಿ ಬಿಗಿದಿದ್ದರು. ದಂಟಿನಲ್ಲಿ ಒಣಗಿದ ಎಲೆಗಳು ಇನ್ನೂ ಅಂಟಿಕೊಂಡಿದ್ದವು. ಈ ಸಲ ನಾನು ಪೊಲೀಸರ ಹಾಗೆ ಕೇಳಿದೆ. ಈ ದಂಟು ಯಾವ ಗದ್ದೆಯದು? ಆ ಗದ್ದೆ ಯಾವ ಊರಿನಲ್ಲಿದೆ? ಕಡಿದವರು ಯಾರು? ಹೊತ್ತು ತಂದವರು ಯಾರು?

"ಅಕೋ, ಅಲ್ಲಿ ಕಾಣ್ತದಲ್ಲ, ಆ ಗದ್ದೆ. ಕಡ್ದವ್ಳು ನಾನು. ಹೊತ್ತವ್ಳೂ ನಾನೇ. ಕಟ್ಟಿದ್ದು ಇವ್ರು, ಅದ್ಕೇ ಸೊಟ್ಟ ಅದೆ. ಇನ್ನೆಂತ ಬೇಕು, ದನದ ಸಾಕ್ಷಿ ಹಾಕ್ಸಲಾ?"

ಎಲ್ಲವನ್ನೂ ಬರೆದುಕೊಂಡೆ. ದನದ ಮಾತನ್ನೂ.

ನನ್ನ ಕೈಯಾರೆ ಬಿಡಿಸಿದ ಎಲೆತುಂಡುಗಳು ನಲವತ್ತು. ಒದ್ದೆ ಕಾಗದ ಹಾಸಿದ ಗಾಜಿನ ತಟ್ಟೆಯಲ್ಲಿ ಮುಚ್ಚಿಟ್ಟು ಕಾದೆ. ಎರಡನೆಯ ದಿನ ಹಸಿರು ಬೂಷ್ಟು, ಮೂರನೆಯ ದಿನ ಕಪ್ಪು ಬೂಷ್ಟು. ಐದನೆಯ ದಿನದ ಹೊತ್ತಿಗೆ ಇಪ್ಪತ್ತಾರು ತುಂಡು ಎಸೆದಿದ್ದೆ. ಆರನೆಯ ದಿನ ಒಂದು ತುಂಡಿನ ಅಂಚಿನಲ್ಲಿ, ಸೂಕ್ಷ್ಮದರ್ಶಕದ ಬೆಳಕಿನಲ್ಲಿ, ಬಾಗಿದ ದೋಣಿಗಳು ಕಡ್ಡಿಯ ತುದಿಗೆ ಕಟ್ಟಿಹಾಕಿದ ಹಾಗೆ ನಿಂತಿದ್ದವು. ಒಟ್ಟು ಏಳು ತುಂಡುಗಳಲ್ಲಿ ಸಿಕ್ಕವು. ಏಳು ದೋಣಿ ಎತ್ತಿದೆ. ಏಳೂ ಬೆಳೆದವು.

ಜೆಲ್ ಮೇಲೆ ಓಡಿಸಿದಾಗ, ಹಿಂದೆ ಇಪ್ಪತ್ತಮೂರೂ ಒಂದೇ ಥರ ಇದ್ದ ಕಡೆ, ಈ ಏಳರಲ್ಲಿ ಐದು ಬೇರೆ ಬೇರೆ ಬಗೆಯ ಗೆರೆಸಾಲು ಬಂದವು. ಒಂದು ಮಾತ್ರ ಮಂಕಿಯದಕ್ಕೆ ಹತ್ತಿರ. ಈ ಶಿಲೀಂಧ್ರದಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದ್ದು ಇನ್ನೊಂದರ ಜೊತೆ ಮಾತ್ರ ಕೂಡುತ್ತದೆ. ಮಂಕಿಯಲ್ಲಿ ಒಂದೇ ಪಂಗಡ ಸಿಕ್ಕಿತ್ತು. ಮಾವಳ್ಳಿಯಲ್ಲಿ ಎರಡೂ ಇದ್ದವು, ಅಂದರೆ ಕೂಡಿ ಹೊಸ ಬಗೆಗಳು ಹುಟ್ಟಬಹುದಿತ್ತು. ಅಷ್ಟು ಸಣ್ಣ ಗದ್ದೆಯಲ್ಲಿ ಇಷ್ಟು ಬಗೆ ಎಲ್ಲಿಂದ ಬಂತು? ಅಕ್ಕ ಮಾರುವ ತೆನೆಗಳು ವರ್ಷದ ಬಹುಪಾಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವಂಥವು. ಅವುಗಳ ಸಿಪ್ಪೆಯನ್ನು ಗೊಬ್ಬರವಾಗಲಿ ಎಂದು ಗದ್ದೆಯ ಮೂಲೆಗೇ ಹಾಕುತ್ತಿದ್ದರು. ದಾರಿ ಅದೇ ಇರಬಹುದು ಎಂದೆ. "ಊಹೆ ಎಂದು ಬರೆ" ಎಂದರು ಮಾರ್ಗದರ್ಶಕರು. ಹಾಗೆಯೇ ಬರೆದೆ.

ಗೆರೆಗಳು ಬೇರೆ ಎಂದ ಮಾತ್ರಕ್ಕೆ ಅಣ್ಣನ ಬೀಜ ಸೋಲುತ್ತದೆ ಎಂದಾಗಲಿಲ್ಲ. ಅದನ್ನು ಗಿಡವೇ ಹೇಳಬೇಕು. ಅಣ್ಣನ ಜೋಳವನ್ನು ಕುಂಡಗಳಲ್ಲಿ ಬಿತ್ತಿದೆ. ಮೂರು ಎಲೆ ಬಂದಾಗ ಪ್ರತಿ ಶಿಲೀಂಧ್ರದ ಬೀಜಕಣ ನೀರಿನಲ್ಲಿ ಕದಡಿ ಸಿಂಪಡಿಸಿದೆ. ಎರಡು ದಿನ ಪ್ಲಾಸ್ಟಿಕ್ ಹೊದಿಸಿ, ಹತ್ತನೆಯ ದಿನ ಎಣಿಸಿದೆ. ಬರಿ ನೀರು ಬಿದ್ದ ಗಿಡಗಳು ಸ್ವಚ್ಛ. ಮಂಕಿಯ ಶಿಲೀಂಧ್ರ ಬಿದ್ದವುಗಳಲ್ಲಿ ಸಾಸಿವೆಯಷ್ಟು ಚುಕ್ಕೆ. ಮಾವಳ್ಳಿಯ ಏಳರಲ್ಲಿ ಮೂರು ಹಾಗೆಯೇ ಚುಕ್ಕೆಗೆ ನಿಂತವು. ನಾಲ್ಕು ಮಾತ್ರ ಎಲೆಯ ಅಗಲಕ್ಕೂ ಹಬ್ಬಿ, ಮಚ್ಚೆಗೆ ಮಚ್ಚೆ ಕೂಡಿ, ತುದಿಯಿಂದ ಸುಟ್ಟವು. ಇನ್ನೊಮ್ಮೆ ಮಾಡಿದೆ. ಮತ್ತೆ ನಾಲ್ಕು.

ಮೇ ಕೊನೆಯ ವಾರ ಎರಡು ಕುಂಡ ಹೊತ್ತು ಮಾವಳ್ಳಿಗೆ ಹೋದೆ. ಕಂಡಕ್ಟರು ಅವಕ್ಕೂ ಟಿಕೆಟ್ ಮಾಡಿಸಬೇಕು ಎಂದು ತಮಾಷೆ ಮಾಡಿದ. ಬರುವುದನ್ನು ಮೊದಲೇ ಹೇಳಿದ್ದರಿಂದ ಅಕ್ಕನ ಅಣ್ಣನೂ ಮಂಕಿಯಿಂದ ಬಂದಿದ್ದರು, ಬೀಜದ ಗಂಟಿನೊಂದಿಗೆ. ಜಗಲಿಯ ಮೇಲೆ ಕುಂಡಗಳನ್ನು ಇಟ್ಟೆ. ಒಂದರಲ್ಲಿ ಅವರ ಊರಿನ ಶಿಲೀಂಧ್ರ, ಇನ್ನೊಂದರಲ್ಲಿ ಈ ಊರಿನದು. ಬೀಜ ಎರಡರಲ್ಲೂ ಅವರದೇ. ಅವರು ಸುಟ್ಟ ಎಲೆಯನ್ನು ಬೆರಳುಗಳ ನಡುವೆ ಹಿಡಿದು, ಮಗುಚಿ, ಬೆಳಕಿಗೆ ಒಡ್ಡಿ ನೋಡಿದರು. ಅಪ್ಪನ ಕಾಲದ ಬೀಜ. ತಂಗಿಗೆಂದು ತಂದದ್ದು. ಬೇಡ ಎನ್ನುವ ಮಾತನ್ನು ನಾನೇ ಆಡಬೇಕಿತ್ತು.

"ಪೂರ್ತಿ ಗದ್ದೆಗೆ ಇದನ್ನು ಹಾಕುದು ಬೇಡ ಅಣ್ಣಾ. ಎರಡು ಸಾಲು ಹಾಕಿ ನೋಡ್ಬಹುದು. ಉಳಿದದ್ದಕ್ಕೆ ಬೇರೆ ತಳಿ, ನಾನು ಕುಂಡದಲ್ಲಿ ನೋಡಿದ್ದು, ಇಲ್ಲಿನ ಏಳು ಶಿಲೀಂಧ್ರದಲ್ಲಿ ಆರನ್ನು ತಡ್ಕೊಂಡದ್ದು ಅದೆ."

"ನನ್ ಬೀಜಕ್ಕೆ ಎಂತದೂ ದೋಷ ಇಲ್ಲ" ಎಂದರು ಅವರು.

"ಇಲ್ಲ. ನಿಮ್ಮ ಗದ್ದೇಲಿ ಇಲ್ಲ."

ಅಕ್ಕ ಒಳಗಿನಿಂದ ಚಹಾ ತಂದವರು ಇಬ್ಬರ ಮುಖವನ್ನೂ ನೋಡಿ, "ಬೀಜ ಬಡ್ವ ಅಲ್ಲ ಮಾರಾಯಾ, ನನ್ ಗದ್ದೆ ರೋಗ ಜೋರು. ನಿನ್ ತಂಗಿ ಹಾಂಗೇ" ಎಂದರು. ಅಣ್ಣ ನಕ್ಕರು. ಗಂಟು ಬಿಚ್ಚಿ ಎರಡು ಸಾಲಿಗಾಗುವಷ್ಟು ಕಾಳು ಎಣಿಸಿ ತಟ್ಟೆಗೆ ಹಾಕಿ, ಉಳಿದದ್ದನ್ನು ಕಟ್ಟಿಕೊಂಡರು. ಕಟ್ಟುತ್ತಾ ಒಂದು ಪ್ರಶ್ನೆ ಕೇಳಿದರು. ಅದನ್ನು ನಾನಾಗಿಯೇ ಹೇಳಬೇಕಿತ್ತು, ಹೇಳಿರಲಿಲ್ಲ. "ಇಲ್ಲಿದು ಮಂಕಿಗೆ ಬಂದ್ರೆ?"

ಬಂದರೆ ಅವರ ಜೋಳಕ್ಕೂ ಕಷ್ಟ, ಇದು ಹೆಚ್ಚಾಗಿ ಗಾಳಿಯಲ್ಲೇ ಹರಡುವುದು ಎಂದೆ. ಆದರೂ ಒಣ ದಂಟು, ಸಿಪ್ಪೆ, ಎಲೆ ಏನೂ ಇಲ್ಲಿಂದ ಅಲ್ಲಿಗೆ ಹೋಗಬಾರದು. ಸಿಪ್ಪೆ ಗದ್ದೆಯ ಮೂಲೆಗೆ ಬೀಳಬಾರದು, ದೂರದಲ್ಲಿ ಹೊಂಡ ತೆಗೆದು ಮುಚ್ಚಬೇಕು.

"ಕೇಳ್ತಾ?" ಎಂದರು ಅಣ್ಣ ತಂಗಿಗೆ. "ಇನ್ನು ಹಬ್ಬಕ್ಕೆ ಬರುವಾಗ ಖಾಲಿ ಕೈಲೇ ಬಾ."

"ಹಾಂಗಾದ್ರೆ ತವರಿಗೆ ಬರುಕೂ ಇವ್ಳ ಹತ್ರ ಚೀಟಿ ಬರ್ಸಿಕಂಡು ಬರ್ಬೇಕನಾ?"

ನಾಗರ ಪಂಚಮಿಯ ಹಿಂದಿನ ದಿನ ನಾನು ಗದ್ದೆ ಎಣಿಸಲು ಹೋಗಿದ್ದೆ. ಹೊಸ ತಳಿಯ ಸಾಲುಗಳು ಎದೆಯೆತ್ತರಕ್ಕೆ ಹಸಿರಾಗಿದ್ದವು. ನೂರು ಗಿಡದಲ್ಲಿ ಹದಿನೆಂಟಕ್ಕೆ ಮಚ್ಚೆ, ಅದೂ ಕೆಳಗಿನ ಎಲೆಗಳಲ್ಲಿ. ಅಣ್ಣನ ಎರಡು ಸಾಲು ಕುಂಡ ಹೇಳಿದ ಹಾಗೆಯೇ ಅರ್ಧ ಸುಟ್ಟಿದ್ದವು. ಎಣಿಸಿ ಮುಗಿಸಿ ಅಂಗಳಕ್ಕೆ ಬಂದಾಗ ಅಕ್ಕ ಮಂಕಿಗೆ ಹೊರಟು ನಿಂತಿದ್ದರು. ಬೆಳಿಗ್ಗೆ ಗದ್ದೆಯಲ್ಲಿ ಓಡಾಡಿದ ಚಪ್ಪಲಿಯನ್ನು ಬಾವಿಕಟ್ಟೆಯ ಮೇಲಿಟ್ಟು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಆಮೇಲೆ ಕಾಲು. ಆಮೇಲೆ ಸೀರೆಯ ಅಂಚು.

ಹೇಳದೆ ಇರಲು ಆಗಲಿಲ್ಲ. "ಅಕ್ಕಾ, ಇದು ಹೆಚ್ಚಾಗಿ ಗಾಳೀಲಿ ಹೋಗುದು. ಚಪ್ಲೀಲಿ ಹೋಗುದು ಬಹಳ ಕಮ್ಮಿ."

"ಗೊತ್ತು, ನೀ ಅವತ್ತೇ ಹೇಳಿದ್ದೆ" ಎಂದರು ಅಕ್ಕ, ಹಿಮ್ಮಡಿಗೆ ಇನ್ನೊಂದು ಚೊಂಬು ನೀರು ಹೊಯ್ದುಕೊಳ್ಳುತ್ತ. "ಗಾಳಿ ನನ್ ಮಾತು ಕೇಳ್ತದ್ಯಾ? ಕಾಲು ಕೇಳ್ತದೆ."